ಕದಲದ ಡಿಫರೆನ್ಷಿಯಲ್ ಪ್ಲಗ್: ಎಲ್ಲಿ ಹಿಡಿದಿದೆ, ಹೇಗೆ ಬಿಡಿಸುವುದು

ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ. ಅದರ ಆಯಿಲ್ ಬದಲಿಸುವುದು ಸಣ್ಣ ಕೆಲಸ. ಎರಡು ಪ್ಲಗ್ ಬಿಚ್ಚಬೇಕು, ಡ್ರೈನ್‌ನಿಂದ ಹಳೆಯದನ್ನು ಇಳಿಸಬೇಕು, ಫಿಲ್ಲರ್‌ನಿಂದ ಹೊಸದನ್ನು ತುಂಬಬೇಕು. ತೊಂದರೆಯೆಲ್ಲ ಇರುವುದು ಆ ಎರಡು ಪ್ಲಗ್‌ಗಳಲ್ಲೇ. ಎಂಜಿನ್ನಿನ ಡ್ರೈನ್ ಪ್ಲಗ್ ಪ್ರತಿ ಸರ್ವಿಸ್‌ಗೂ ಒಮ್ಮೆ ಬಿಚ್ಚಿಸಿಕೊಳ್ಳುತ್ತದೆ. ಡಿಫರೆನ್ಷಿಯಲ್‌ನದನ್ನು ವರ್ಷಗಟ್ಟಲೆ ಯಾರೂ ಮುಟ್ಟಿರುವುದಿಲ್ಲ. ಅದು ಇರುವ ಜಾಗವೂ ಅಂಥದ್ದು: ಗಾಡಿಯ ಅಡಿಯಲ್ಲಿ, ಚಕ್ರಗಳು ಎರಚುವ ನೀರು, ಕೆಸರು, ದೂಳು ನೇರವಾಗಿ ಬಂದು ಬಡಿಯುವ ಕಡೆ. ಜೊತೆಗೆ ಹಿಂದೆ ಕೆಲಸ ಮಾಡಿದವರು ಸೋರಬಾರದೆಂದು ಉದ್ದನೆಯ ಬಾರ್ ಹಾಕಿ ಬಿಗಿದಿದ್ದರೆ ಮುಗಿಯಿತು.

ಇಂಥ ಪ್ಲಗ್ ಸಿಕ್ಕಾಗ ಬಹಳ ಜನ ಮಾಡುವುದು ಒಂದೇ ಕೆಲಸ, ಬಲ ಹೆಚ್ಚಿಸುವುದು. ಆದರೆ ಪ್ಲಗ್ ಕದಲದಿರಲು ಕಾರಣಗಳು ಬೇರೆ ಬೇರೆ. ತುಕ್ಕಿಗೆ ಕೆಲಸ ಮಾಡುವ ಉಪಾಯ ಸವೆದ ತಲೆಗೆ ಕೆಲಸ ಮಾಡುವುದಿಲ್ಲ, ಥ್ರೆಡ್ ಕಿತ್ತುಹೋದ ಕಡೆ ಎರಡೂ ವ್ಯರ್ಥ. ಯಾವುದು ಹಿಡಿದಿದೆ ಎಂಬುದನ್ನು ಮೊದಲು ಕಂಡುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಫಿಲ್ಲರ್, ಆಮೇಲೆ ಡ್ರೈನ್

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಫಿಲ್ಲರ್ ಪ್ಲಗ್ ಬಿಟ್ಟು ಕೈಬೆರಳಲ್ಲಿ ತಿರುಗುವವರೆಗೆ ಡ್ರೈನ್ ಪ್ಲಗ್‌ಗೆ ಪಾನಾ ಹಾಕಲೇಬೇಡಿ. ಆಯಿಲ್ ಪೂರ್ತಿ ಇಳಿಸಿಯಾದ ಮೇಲೆ ಫಿಲ್ಲರ್ ಬಾರದಿದ್ದರೆ ಗಾಡಿ ನಿಂತಲ್ಲೇ ನಿಂತಿತು; ಖಾಲಿ ಡಿಫರೆನ್ಷಿಯಲ್‌ನಲ್ಲಿ ಸ್ವಲ್ಪ ದೂರ ಓಡಿಸಿದರೂ ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರ್‌ಗಳ ಹಲ್ಲುಗಳು ಉರಿದುಹೋಗುತ್ತವೆ. ಹಳೆಯ ಆಯಿಲ್ ಒಳಗೇ ಇದ್ದರೆ ಪ್ಲಗ್ ಸೋಲಿಸಿದ ದಿನವೂ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು.

ಯಾವುದು ಯಾವುದೆಂಬ ಗೊಂದಲ ಬೇಡ. ಹೌಸಿಂಗ್‌ನ, ಅಂದರೆ ಡಿಫರೆನ್ಷಿಯಲ್‌ನ ಹೊರ ಕವಚದ, ತೀರ ಕೆಳಭಾಗದಲ್ಲಿರುವುದು ಡ್ರೈನ್. ಹಿಂದಿನ ಕವರ್‌ನಲ್ಲೋ ಪಕ್ಕದಲ್ಲೋ ಸುಮಾರು ನಡು ಎತ್ತರದಲ್ಲಿರುವುದು ಫಿಲ್ಲರ್. ಆ ತೂತಿನ ಕೆಳ ಅಂಚೇ ಸಾಮಾನ್ಯವಾಗಿ ಆಯಿಲ್ ಮಟ್ಟದ ಗುರುತೂ ಹೌದು. ಕೆಲವು ಆಕ್ಸಲ್‌ಗಳಲ್ಲಿ ಡ್ರೈನ್ ಪ್ಲಗ್ ಇರುವುದೇ ಇಲ್ಲ, ಹಿಂದಿನ ಕವರ್ ಬಿಚ್ಚಿಯೇ ಇಳಿಸಬೇಕು. ಎಂಜಿನ್ ಅಡ್ಡಲಾಗಿ ಕೂತ, ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸ್ ಒಳಗೇ ಸೇರಿರುತ್ತದೆ, ಅಲ್ಲಿ ಹುಡುಕಬೇಕಾದದ್ದು ಗೇರ್‌ಬಾಕ್ಸ್ ಪ್ಲಗ್. ಗಾಡಿಯ ಕೈಪಿಡಿಯಲ್ಲಿ ಒಮ್ಮೆ ನೋಡಿಕೊಂಡರೆ ಬೇರಾವುದೋ ಬೋಲ್ಟ್ ಬಿಚ್ಚುವ ಅಪಾಯ ತಪ್ಪುತ್ತದೆ.

ಗಾಡಿ ಎತ್ತುವಾಗ

ಕಚ್ಚಿಕೊಂಡ ಪ್ಲಗ್ ಎಂದರೆ ಗಾಡಿಯ ಅಡಿಯಲ್ಲಿ ಮಲಗಿ ಜೋರಾಗಿ ಎಳೆಯುವುದು, ಬಡಿಯುವುದು. ಹೀಗಾಗಿ ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಈ ಕೆಲಸಕ್ಕೆ ಹೋಗಲೇಬಾರದು. ಗಟ್ಟಿ ಸಮತಟ್ಟಾದ ನೆಲ, ತೂಕಕ್ಕೆ ತಕ್ಕ ಸ್ಟ್ಯಾಂಡ್‌ಗಳು, ನೆಲದ ಮೇಲಿರುವ ಚಕ್ರಗಳ ಎರಡೂ ಬದಿಗೆ ಅಡೆ. ಒಂದು ವಿಷಯ ಬಹಳ ಸಲ ಮರೆತುಹೋಗುತ್ತದೆ: ಹ್ಯಾಂಡ್‌ಬ್ರೇಕ್ ಹೆಚ್ಚಿನ ಗಾಡಿಗಳಲ್ಲಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುತ್ತದೆ. ಹಿಂಭಾಗ ಎತ್ತಿದ ಮೇಲೆ ಆ ಬ್ರೇಕ್ ಗಾಡಿಯನ್ನು ನಿಲ್ಲಿಸುತ್ತಿಲ್ಲ, ಮುಂದಿನ ಚಕ್ರಕ್ಕೆ ಕೊಟ್ಟ ಅಡೆಯೇ ನಿಲ್ಲಿಸುತ್ತಿರುವುದು. ಸ್ಟ್ಯಾಂಡ್ ಮೇಲೆ ಕೂರಿಸಿದ ನಂತರ ಅಡಿಗೆ ಹೋಗುವ ಮುನ್ನ ಗಾಡಿಯನ್ನು ಪಕ್ಕದಿಂದ ಒಮ್ಮೆ ಜೋರಾಗಿ ಅಲುಗಿಸಿ ನೋಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ, ಮೇಲಿಂದ ಉದುರುವ ತುಕ್ಕಿನ ಪುಡಿ ಬೀಳುವುದೇ ಕಣ್ಣಿಗೆ.

ನೆಲದ ಮೇಲೇ ಕೈಗೆ ಎಟುಕುವಷ್ಟು ಎತ್ತರದ ಗಾಡಿಯಾದರೆ ಎತ್ತಲೇಬೇಡಿ. ನಾಲ್ಕೂ ಚಕ್ರ ನೆಲದ ಮೇಲಿದ್ದಾಗ ಎಳೆಯುವುದೂ ಸುರಕ್ಷಿತ, ಆಯಿಲ್ ಮಟ್ಟವೂ ಸರಿಯಾಗಿ ಸಿಗುತ್ತದೆ.

ಸ್ವಲ್ಪ ದೂರ ಓಡಿಸಿ ಬಂದು ಕೆಲಸ ಶುರು ಮಾಡಿದರೆ ಆಯಿಲ್ ತೆಳುವಾಗಿರುತ್ತದೆ, ಹೌಸಿಂಗ್ ಕೊಂಚ ಬೆಚ್ಚಗಿರುತ್ತದೆ. ಪ್ಲಗ್ ಬಿಡಲು ಅದೂ ಒಂದು ಸಹಾಯ, ಆದರೆ ಸೈಲೆನ್ಸರ್ ಪೈಪಿಗೆ ಕೈ ತಗುಲಿಸಿಕೊಳ್ಳಬೇಡಿ.

ಕಚ್ಚಿಕೊಂಡಿದೆ ಎನ್ನುವ ಮುಂಚೆ

ಮೂರು ಸಂಗತಿ ನೋಡಿಕೊಳ್ಳಿ. ಎಷ್ಟೋ ಪ್ಲಗ್‌ಗಳು ನಿಜವಾಗಿ ಹಿಡಿದೇ ಇರುವುದಿಲ್ಲ.

ಒಂದು, ತಿರುಗಿಸುವ ದಿಕ್ಕು. ಪ್ಲಗ್‌ನ ತಲೆಯನ್ನು ಎದುರಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಹಿಂದಿನ ಕವರ್‌ನ ಫಿಲ್ಲರ್‌ಗೆ ಆಕ್ಸಲ್‌ನ ಮುಂದುಗಡೆ ಮಲಗಿಕೊಂಡು, ಮೇಲಿಂದ ಕೈ ಹಾಯಿಸಿ, ತಲೆ ಕಾಣದೆ ಎಳೆಯುವಾಗ ಎಡಬಲ ಅದಲುಬದಲಾಗುತ್ತದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಮೈಯೆಲ್ಲ ಬಲ ಹಾಕಿ ಇನ್ನಷ್ಟು ಬಿಗಿಯುವುದು ಹೀಗೆ. ಹೌಸಿಂಗ್ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಬರೆದುಕೊಂಡರೆ ತಲೆಕೆಳಗಾಗಿ ಮಲಗಿದರೂ ತಪ್ಪುವುದಿಲ್ಲ.

ಎರಡು, ಪಾನಾ ಪೂರ್ತಿ ಕೂತಿದೆಯೇ ಎಂಬುದು. ಹೊರಗೆ ಷಟ್ಕೋನ ತಲೆಯಿರುವ ಪ್ಲಗ್ ಆದರೆ ಆರು ಮೂಲೆಯ ಸಾಕೆಟ್ಟೇ ಬೇಕು. ಹನ್ನೆರಡು ಮೂಲೆಯದು ಅಂಚುಗಳನ್ನಷ್ಟೇ ಹಿಡಿದು ಉಜ್ಜಿಹಾಕುತ್ತದೆ. ಈ ಪ್ಲಗ್‌ಗಳ ತಲೆ ಬಹಳ ತೆಳ್ಳಗಿರುತ್ತದೆ. ಸಾಕೆಟ್‌ನ ಬಾಯಿಯನ್ನು ಹತ್ತಿರದಿಂದ ನೋಡಿ: ಒಳ ಅಂಚು ಇಳಿಜಾರಾಗಿ ಕೆತ್ತಿರುತ್ತದೆ, ನಟ್ ಮೇಲೆ ಸುಲಭವಾಗಿ ಕೂರಲಿ ಎಂದು. ಆ ಇಳಿಜಾರು ಒಂದೆರಡು ಮಿ.ಮೀ. ತಿಂದುಹಾಕಿದರೆ ತೆಳ್ಳನೆಯ ತಲೆಯಲ್ಲಿ ಹಿಡಿಯಲು ಉಳಿಯುವುದೇ ಅಷ್ಟು. ಹಳೆಯ ಸಾಕೆಟ್ ಒಂದರ ಬಾಯಿಯನ್ನು ಗ್ರೈಂಡರ್‌ನಲ್ಲಿ ಸಪಾಟಾಗಿ ಉಜ್ಜಿ ಇಳಿಜಾರು ತೆಗೆದಿಟ್ಟುಕೊಂಡರೆ ತಲೆಯ ಪೂರ್ತಿ ಎತ್ತರ ಹಿಡಿತಕ್ಕೆ ಸಿಗುತ್ತದೆ. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಲಾಭ ಕೊಡುವ ಉಪಾಯ ಇದೇ.

ಒಳಗೆ ಗುಳಿಯಿರುವ ಪ್ಲಗ್, ಅಂದರೆ ಅಲೆನ್ ಕೀ ಹಾಕುವಂಥದ್ದೋ ಚೌಕಾಕಾರದ ತೂತಿನದೋ ಆದರೆ, ಗುಳಿಯಲ್ಲಿ ವರ್ಷಗಳ ಕೆಸರು ಸಿಮೆಂಟಿನ ಹಾಗೆ ಕೂತಿರುತ್ತದೆ. ಮೇಲಿಂದ ಖಾಲಿ ಕಂಡರೂ ತಳದ ಮೂಲೆಗಳು ತುಂಬಿರುತ್ತವೆ. ಚೂಪಾದ ಸೂಜಿಯಂಥದ್ದರಿಂದ ಒಂದೊಂದು ಮೂಲೆಯನ್ನೂ ಕೆದಕಿ, ಬ್ರೇಕ್ ಕ್ಲೀನರ್ ಹೊಡೆದು, ತಳದ ಲೋಹ ಕಾಣುವವರೆಗೆ ಬಿಡಿಸಿ. ತೆಳು ಕಡ್ಡಿಯಲ್ಲಿ ಗುಳಿಯ ಆಳ ಅಳೆದು ಬಿಟ್ಟಿನ (ಗುಳಿಯೊಳಗೆ ಕೂರುವ ಉಕ್ಕಿನ ತುದಿಯ) ಮೇಲೆ ಅಷ್ಟಕ್ಕೆ ಗುರುತು ಹಾಕಿ. ಗುರುತು ಅಂಚಿಗೆ ಬಂದು ಮುಟ್ಟಬೇಕು. ಆಮೇಲೆ ಸುತ್ತಿಗೆಯಿಂದ ಒಂದೆರಡು ಪೆಟ್ಟು ಕೊಟ್ಟು ಬಿಟ್ ಅನ್ನು ಗಟ್ಟಿಯಾಗಿ ಕೂರಿಸಿ. ತುದಿ ಗುಂಡಾಗಿರುವ ಅಲೆನ್ ಕೀ ಈ ಕೆಲಸಕ್ಕಲ್ಲ.

ಚೌಕ ತೂತಿನವು ಸಾಮಾನ್ಯವಾಗಿ ಅರ್ಧ ಇಂಚಿನವು, ಅಂದರೆ 12.7 ಮಿ.ಮೀ., ಇಲ್ಲವೇ ಇಂಚಿನ ಎಂಟರಲ್ಲಿ ಮೂರು ಭಾಗದವು, 9.5 ಮಿ.ಮೀ. ಎಕ್ಸ್‌ಟೆನ್ಷನ್ ರಾಡ್‌ನ ತುದಿ ನೇರವಾಗಿ ಕೂರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಹಾಕುತ್ತಾರೆ. ಆದರೆ ಆ ರಾಡ್‌ನ ಮೂಲೆಗಳು ಮೊಂಡಾಗಿರುತ್ತವೆ, ಪಕ್ಕದಲ್ಲಿ ಸ್ಪ್ರಿಂಗ್ ಗುಂಡೂ ಇರುತ್ತದೆ. ಸುಲಭವಾಗಿ ಬರುವ ಪ್ಲಗ್‌ಗೆ ಸಾಕು. ಹಟ ಹಿಡಿದಿರುವುದಕ್ಕೆ ಗಟ್ಟಿ ಚೌಕದ ಪ್ಲಗ್ ಕೀಯನ್ನೇ ಬಳಸಿ.

ಮೂರು, ಬಾರ್ ಆಡಲು ಜಾಗ. ಸ್ಟೆಪ್ನಿ, ಸೈಲೆನ್ಸರ್, ಸಸ್ಪೆನ್ಷನ್ ಕೈಗಳು ಅಡ್ಡ ಬಂದು ಬಾರ್ ಓರೆಯಾದರೆ ಹಾಕಿದ ಬಲದಲ್ಲಿ ಅರ್ಧ ಪ್ಲಗ್ ತಿರುಗಿಸಲು ಹೋಗುವುದಿಲ್ಲ, ಸಾಕೆಟ್ಟನ್ನು ಹೊರಗೆ ಕೀಳಲು ಹೋಗುತ್ತದೆ. ಬೇಕಿದ್ದರೆ ಸ್ಟೆಪ್ನಿ ಇಳಿಸಿ. ಡ್ರೈನ್ ಪ್ಲಗ್ ಆದರೆ ಸಾಕೆಟ್ ಕೆಳಗೆ ಮರದ ತುಂಡಿಟ್ಟು ಸಣ್ಣ ಜಾಕಿಯಲ್ಲಿ ಹಗುರವಾಗಿ ಮೇಲಕ್ಕೆ ಒತ್ತಿ ಹಿಡಿದರೆ ಅದು ಜಾರುವುದಿಲ್ಲ. ಹಗುರವಾಗಿ ಎಂದದ್ದು ನೆನಪಿರಲಿ, ಗಾಡಿ ಎತ್ತುವುದಕ್ಕಲ್ಲ.

ಗೆರೆ ಎಳೆದು ನೋಡುವುದು

ಪ್ಲಗ್‌ನ ತಲೆಯಿಂದ ಹೌಸಿಂಗ್‌ಗೆ ದಾಟುವಂತೆ ಬಿಳಿ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಸುಮಾರು 60 ಸೆಂ.ಮೀ. ಬ್ರೇಕರ್ ಬಾರ್ (ಸಾಕೆಟ್ ತಿರುಗಿಸುವ ಉದ್ದನೆಯ ಹಿಡಿ) ಹಾಕಿ ನಿಧಾನವಾಗಿ ಬಲ ಕೊಡಿ, ಬಿಡಿ, ಸಾಕೆಟ್ ತೆಗೆದು ಗೆರೆ ನೋಡಿ. ರೋಗ ಗೊತ್ತಾಗುವುದು ಇಲ್ಲೇ.

ಗೆರೆ ಕೂದಲೆಳೆಯಷ್ಟೂ ಸರಿದಿಲ್ಲ, ಸಾಕೆಟ್ ಬಿಗಿಯಾಗಿ ಕೂತಿದೆ, ಬಾರ್ ಮಾತ್ರ ಬಾಗುತ್ತಿದೆ: ಪ್ಲಗ್ ತುಕ್ಕಿನಿಂದಲೋ ಅತಿ ಬಿಗಿತದಿಂದಲೋ ಹಿಡಿದಿದೆ. ಇದು ಒಳ್ಳೆಯ ಸುದ್ದಿ, ತಲೆ ಗಟ್ಟಿಯಿದೆ.

ಗೆರೆ ಸರಿದಿಲ್ಲ, ಆದರೆ ಸಾಕೆಟ್ ತಿರುಗಿತು: ತಲೆ ಸವೆಯುತ್ತಿದೆ. ತಕ್ಷಣ ನಿಲ್ಲಿಸಿ. ಇನ್ನೊಂದು ಸಲ ನೋಡೋಣ ಎಂದು ಹಾಕುವ ಪ್ರತಿ ಪಟ್ಟಿಗೂ ಹಿಡಿಯಲು ಉಳಿದ ಲೋಹ ಕಡಿಮೆಯಾಗುತ್ತದೆ.

ಗೆರೆ ಸ್ವಲ್ಪ ಸರಿಯಿತು, ಕಿರ್ರೆಂದಿತು, ಮತ್ತೆ ಬಿಗಿಯಾಯಿತು: ಥ್ರೆಡ್ಡಿನಲ್ಲಿ ತುಕ್ಕಿನ ಪುಡಿಯೋ ಮಣ್ಣೋ ಸಿಕ್ಕಿದೆ, ಇಲ್ಲವೇ ಲೋಹ ಲೋಹಕ್ಕೆ ಅಂಟಿ ಕಿತ್ತುಬರುತ್ತಿದೆ. ಇನ್ನೂ ಎಳೆದರೆ ಥ್ರೆಡ್ ಹೋಗುತ್ತದೆ. ಬಂದಷ್ಟೇ ಹಿಂದಕ್ಕೆ ಬಿಗಿದು, ಎಣ್ಣೆ ಬಿಟ್ಟು, ಮತ್ತೆ ಮುಂದಕ್ಕೆ. ಹೀಗೆ ಹಿಂದೆ ಮುಂದೆ ಆಡಿಸುತ್ತ ಪ್ರತಿ ಸಲ ಕೊಂಚ ಹೆಚ್ಚು ದೂರ ತರಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಗೆರೆಯ ಪ್ಲಗ್ ಕಡೆಯ ತುಂಡು ಸುತ್ತು ಸುತ್ತು ತಿರುಗುತ್ತಿದೆ, ಪ್ಲಗ್ ಮಾತ್ರ ಹೊರಗೆ ಬರುತ್ತಿಲ್ಲ: ಥ್ರೆಡ್ ಕಿತ್ತುಹೋಗಿದೆ. ತಲೆಯ ಕೆಳಗೆ ತೆಳ್ಳನೆಯ ಉಳಿ ಅಥವಾ ಸ್ಕ್ರೂಡ್ರೈವರ್ ಮೀಟಿ ಹೊರಕ್ಕೆ ಒತ್ತುತ್ತಲೇ ತಿರುಗಿಸಿದರೆ ಉಳಿದ ಥ್ರೆಡ್ ಹಿಡಿದು ಬರಬಹುದು.

ಇನ್ನೊಂದಿದೆ, ಕೈಗಷ್ಟೇ ಗೊತ್ತಾಗುವಂಥದ್ದು. ಬಾರ್ ಚಲಿಸುತ್ತಿದೆ, ಆದರೆ ಪ್ರತಿರೋಧ ಏರುತ್ತಿಲ್ಲ, ಮೆತ್ತಗೆ ರಬ್ಬರಿನಂತೆ ಬರುತ್ತಿದೆ. ನಿಜವಾಗಿ ಬಿಟ್ಟ ಪ್ಲಗ್ ಟಕ್ ಎಂದು ಬಿಡುತ್ತದೆ, ಆಮೇಲೆ ಬಲ ಒಮ್ಮೆಲೇ ಇಳಿಯುತ್ತದೆ. ಮೆತ್ತಗೆ ಬರುತ್ತಿದ್ದರೆ ತಿರುಚಿಕೊಳ್ಳುತ್ತಿರುವುದು ತಲೆಯೋ ಬಿಟ್ಟೋ. ಅದು ಮುರಿಯುವ ಮುನ್ಸೂಚನೆ. ಅಲ್ಲಿಗೆ ಬಲ ನಿಲ್ಲಿಸಿ ಶಾಖಕ್ಕೆ ಹೋಗಿ.

ಬಲದ ಲೆಕ್ಕ

60 ಸೆಂ.ಮೀ. ಬಾರ್‌ನ ತುದಿಯಲ್ಲಿ 30 ಕೆ.ಜಿ. ತೂಕದಷ್ಟು ಬಲ ಹಾಕಿದರೆ ಪ್ಲಗ್ ಮೇಲೆ ಬೀಳುವುದು ಸುಮಾರು 175 ನ್ಯೂಟನ್ ಮೀಟರ್. ಈ ಪ್ಲಗ್‌ಗಳನ್ನು ಬಿಗಿಯಲು ತಯಾರಕರು ಹೇಳುವ ಟಾರ್ಕ್ (ತಿರುಗಿಸುವ ಬಲ) ಬಹಳ ಗಾಡಿಗಳಲ್ಲಿ 30ರಿಂದ 65 ನ್ಯೂಟನ್ ಮೀಟರ್ ಆಸುಪಾಸು. ಅಂದರೆ ಆ ಬಾರ್‌ಗೆ ಬಗ್ಗದ ಪ್ಲಗ್ ಬಿಗಿತದ ಎರಡೂವರೆ ಪಟ್ಟಿಗೂ ಜಗ್ಗುತ್ತಿಲ್ಲ ಎಂದಾಯಿತು. ಮೇಲೊಂದು ಪೈಪ್ ತೊಡಿಸಿ ಉದ್ದ ಎರಡು ಪಟ್ಟು ಮಾಡಿದರೆ 350 ದಾಟುತ್ತದೆ. ಅಷ್ಟರಲ್ಲಿ ಪ್ಲಗ್ ಬಿಡಬಹುದು, ತಲೆ ಸವೆಯಬಹುದು, ಅಲ್ಯೂಮಿನಿಯಂ ಹೌಸಿಂಗ್‌ನ ಕಿವಿ ಬಿರಿಯಬಹುದು. ಯಾವುದೆಂದು ನೀವು ಆರಿಸುವಂತಿಲ್ಲ. ಹಾಗಾಗಿ ಪೈಪ್ ಕೊನೆಯ ಉಪಾಯಗಳ ಸಾಲಿಗೆ ಸೇರಲಿ. ಬಾರ್ ತುದಿಗೆ ಜಾಕಿ ಕೊಟ್ಟು ಎತ್ತುವವರೂ ಇದ್ದಾರೆ. ಸ್ಟ್ಯಾಂಡ್ ಮೇಲಿನ ಗಾಡಿಗೆ ಅದನ್ನು ಮಾಡುವುದೆಂದರೆ ಗಾಡಿಯನ್ನೇ ಸ್ಟ್ಯಾಂಡಿನಿಂದ ಎತ್ತಿ ತೆಗೆಯುವುದು. ಬೇಡ.

ಬಿಚ್ಚುವ ಮುಂಚೆ ಒಮ್ಮೆ ಬಿಗಿಯುವ ಕಡೆಗೆ ಕೊಂಚ ಒತ್ತಿ ನೋಡಿ. ತುಕ್ಕಿನ ಪದರ ಒಡೆಯಲು ಯಾವ ಕಡೆಗೆ ಕದಲಿದರೂ ಆಗುತ್ತದೆ, ಮತ್ತು ಆ ದಿಕ್ಕಿನಲ್ಲಿ ತಲೆಯ ಅಂಚುಗಳು ಇನ್ನೂ ಹೊಸದಾಗಿರುತ್ತವೆ.

ಎಣ್ಣೆ ಎಲ್ಲಿಯವರೆಗೆ ಹೋಗುತ್ತದೆ

ತುಕ್ಕು ಬಿಡಿಸುವ ಎಣ್ಣೆಯ ಮೇಲೆ ಜನರಿಗಿರುವ ನಂಬಿಕೆ ನನಗೆ ಸ್ವಲ್ಪ ಅತಿ ಅನಿಸುತ್ತದೆ. ಈ ಪ್ಲಗ್‌ನ ಥ್ರೆಡ್ಡಿನ ಒಳತುದಿ ಗೇರ್ ಆಯಿಲ್‌ನಲ್ಲೇ ನೆನೆದಿರುತ್ತದೆ, ಅಲ್ಲಿ ತುಕ್ಕಿಗೆ ಜಾಗವಿಲ್ಲ. ಹಿಡಿದಿರುವುದು ಹೊರಗಿನ ಒಂದೆರಡು ಸುತ್ತು ಥ್ರೆಡ್, ತಲೆಯ ಅಡಿಭಾಗ, ವಾಷರ್ ಕೂತ ಜಾಗ. ಆಯಿಲ್ ಹೊರಗೆ ಬಾರದಂತೆ ತಡೆಯಲು ಇಟ್ಟ ಅದೇ ವಾಷರ್ ಹೊರಗಿನ ಎಣ್ಣೆ ಒಳಗೆ ಹೋಗುವುದನ್ನೂ ತಡೆಯುತ್ತದೆ. ಆದ್ದರಿಂದ ಎಣ್ಣೆ ಹಾಕಿ ಸುಮ್ಮನೆ ಕಾಯುವುದಕ್ಕಿಂತ ಹಾಕಿ, ಬಡಿದು, ಕಾಯುವುದು ಮೇಲು. ಪೆಟ್ಟಿನ ಅದುರಿಗೆ ಬಿರುಕು ಬಿಟ್ಟಲ್ಲಿ ಎಣ್ಣೆ ಇಳಿಯುತ್ತದೆ.

ಮೊದಲು ವೈರ್ ಬ್ರಷ್‌ನಿಂದ ಸುತ್ತಲಿನ ಕೆಸರು, ಪೇಂಟ್ ತೆಗೆದು ಸಂದು ಕಾಣುವಂತೆ ಮಾಡಿ. ಕಟ್ಟಿಕೊಂಡ ಮಣ್ಣಿನ ಮೇಲೆ ಸ್ಪ್ರೇ ಹೊಡೆದರೆ ಎಣ್ಣೆ ಕುಡಿಯುವುದು ಮಣ್ಣು. ಮನೆಮನೆಯಲ್ಲೂ ಇರುವ ಡಬ್ಲ್ಯೂಡಿ-40ರ ಮೂಲ ದ್ರವ 1953ರಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ರೂಪಿಸಿದ್ದು. ತುಕ್ಕಿನೊಳಗೆ ನುಗ್ಗಲೆಂದೇ ಮಾಡಿದ ಪೆನಿಟ್ರೇಟಿಂಗ್ ಆಯಿಲ್ ಸಿಕ್ಕರೆ ಅದನ್ನೇ ತನ್ನಿ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಸಮ ಪಾಲಿನಲ್ಲಿ ಬೆರೆಸಿದ ಮಿಶ್ರಣವನ್ನೂ ಹಲವರು ಬಳಸುತ್ತಾರೆ. ಅವೆರಡು ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಪೇಂಟ್ ಮತ್ತು ರಬ್ಬರನ್ನು ತಿನ್ನುತ್ತದೆ, ಬೆಂಕಿ ತಕ್ಷಣ ಹಿಡಿಯುತ್ತದೆ. ಶಾಖ ಕೊಡುವ ಯೋಚನೆಯಿದ್ದರೆ ಇದು ಬೇಡ.

ಹಿಂದಿನ ರಾತ್ರಿಯೇ ಹಾಕಿ, ಬೆಳಿಗ್ಗೆ ಮತ್ತೊಮ್ಮೆ ಹಾಕಿ ಕೆಲಸ ಶುರು ಮಾಡುವುದು ಒಳ್ಳೆಯದು. ಪಕ್ಕಕ್ಕೆ ಮುಖ ಮಾಡಿದ ಫಿಲ್ಲರ್‌ನಲ್ಲಿ ಎಣ್ಣೆ ನಿಲ್ಲದೆ ಇಳಿದುಹೋಗುತ್ತದೆ, ಸುತ್ತ ಚಿಂದಿ ಬಟ್ಟೆ ಒತ್ತಿಟ್ಟು ತೋಯಿಸಿ.

ಪೆಟ್ಟು

ಹಿಡಿದ ಪ್ಲಗ್‌ಗೆ ನಿಧಾನದ ಎಳೆತಕ್ಕಿಂತ ಚುರುಕು ಪೆಟ್ಟು ಮೇಲು. ತುಕ್ಕು ಬಿರುಸು ವಸ್ತು, ಅದುರಿದರೆ ಪುಡಿಯಾಗುತ್ತದೆ. ಹೊರ ತಲೆಯ ಪ್ಲಗ್ ಆದರೆ ತಲೆಯ ನಡುವೆ ಹಿತ್ತಾಳೆಯ ಕಂಬಿ ಅಥವಾ ಮೊಂಡು ಪಂಚ್ ನೇರವಾಗಿ ಇಟ್ಟು, ಒಳಮುಖವಾಗಿ ಏಳೆಂಟು ಗಟ್ಟಿ ಪೆಟ್ಟು ಕೊಡಿ. ಗುಳಿಯ ಪ್ಲಗ್ ಆದರೆ ಒಳಗೆ ಕೂರಿಸಿದ ಬಿಟ್ಟಿನ ಬೆನ್ನಿಗೇ ಬಡಿಯಬಹುದು. ಎರಕದ ಕಬ್ಬಿಣದ ಹೌಸಿಂಗ್ ಇದನ್ನು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಆದರೆ ಕೈ ಹಗುರವಿರಲಿ, ಪ್ಲಗ್‌ಗೆ ಮಾತ್ರ ಬೀಳಲಿ. ಯಾವುದೆಂದು ತಿಳಿಯಲು ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಯೂಮಿನಿಯಂ.

ಬ್ಯಾಟರಿಯ ಇಂಪ್ಯಾಕ್ಟ್ ಗನ್ ಇದ್ದರೆ ಇದೇ ಕೆಲಸವನ್ನು ತಿರುಗಿಸುವ ದಿಕ್ಕಿನಲ್ಲಿ ಮಾಡುತ್ತದೆ. ಒಮ್ಮೆಗೆ ಒಂದೆರಡು ಸೆಕೆಂಡಿನಂತೆ, ನಡುನಡುವೆ ನಿಲ್ಲಿಸಿ ಕೊಡಿ. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್ಟೇ ಹಾಕಬೇಕು, ಹೊಳೆಯುವ ಕ್ರೋಮ್ ಸಾಕೆಟ್ ಸಿಡಿಯಬಹುದು. ಗನ್ನಿನಿಂದ ಬಿಚ್ಚುವುದು ಸರಿ. ವಾಪಸ್ ಹಾಕುವಾಗ ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿರಿ.

ಶಾಖ

ಇಲ್ಲಿ ಹೌಸಿಂಗ್ ಯಾವ ಲೋಹದ್ದು ಎಂಬುದು ಎಲ್ಲವನ್ನೂ ನಿರ್ಧರಿಸುತ್ತದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ: ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಲಕ್ಷದಲ್ಲಿ 23 ಪಾಲು, ಉಕ್ಕು 12 ಪಾಲು. 24 ಮಿ.ಮೀ. ವ್ಯಾಸದ ಉಕ್ಕಿನ ಪ್ಲಗ್ ಅಲ್ಯೂಮಿನಿಯಂ ತೂತಿನಲ್ಲಿದ್ದು ಎರಡೂ 100 ಡಿಗ್ರಿ ಬಿಸಿಯೇರಿದರೆ ತೂತು 0.055 ಮಿ.ಮೀ., ಪ್ಲಗ್ 0.029 ಮಿ.ಮೀ. ದೊಡ್ಡದಾಗುತ್ತವೆ. ವ್ಯತ್ಯಾಸ ಒಂದು ಮಿ.ಮೀ.ನ ನಲವತ್ತರಲ್ಲೊಂದು ಭಾಗ. ಕಣ್ಣಿಗೆ ಏನೂ ಅಲ್ಲ, ಹಿಡಿದ ಥ್ರೆಡ್ಡಿಗೆ ಅಷ್ಟೇ ಸಾಕು. ಉಕ್ಕು ಮತ್ತು ಅಲ್ಯೂಮಿನಿಯಂ ತೇವದಲ್ಲಿ ಒಟ್ಟಿಗಿದ್ದರೆ ನಡುವೆ ಬಿಳಿ ಪುಡಿಯಂಥ ಕಿಲುಬು ಕಟ್ಟುತ್ತದೆ, ಅದಕ್ಕೂ ಮದ್ದು ಇದೇ. ಹೀಟ್ ಗನ್ ಸಾಕು, ಬೆಂಕಿ ಬೇಕಿಲ್ಲ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಆಸುಪಾಸಿನಲ್ಲಿ, ಅದಕ್ಕೂ ಮೊದಲು ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ.

ಎರಕದ ಕಬ್ಬಿಣದ ಹೌಸಿಂಗ್‌ನಲ್ಲಿ ಉಕ್ಕಿನ ಪ್ಲಗ್ ಇದ್ದರೆ ಲೆಕ್ಕವೇ ಬೇರೆ. ಎರಡೂ ಹೆಚ್ಚುಕಡಿಮೆ ಸಮನಾಗಿ ಹಿಗ್ಗುವುದರಿಂದ ಎಲ್ಲವನ್ನೂ ಒಟ್ಟಿಗೆ ಕಾಯಿಸಿ ಪ್ರಯೋಜನವಿಲ್ಲ. ಬೆಂಕಿ ಉಗುಳುವ ಗ್ಯಾಸ್ ಟಾರ್ಚ್‌ನಿಂದ ಪ್ಲಗ್ ಸುತ್ತಲಿನ ಉಂಗುರದಂಥ ಭಾಗವನ್ನು ಬೇಗ ಕಾಯಿಸಿ ತೂತು ಪ್ಲಗ್‌ಗಿಂತ ಮುಂಚೆ ಹಿಗ್ಗುವಂತೆ ಮಾಡಬೇಕು. ಇಲ್ಲವೇ ಪ್ಲಗ್ಗನ್ನೇ ಕಾಯಿಸಿ ಆರಲು ಬಿಡಬೇಕು: ಬಿಸಿಯಲ್ಲಿ ಹಿಗ್ಗಿ ತೂತಿನ ಗೋಡೆಗೆ ಒತ್ತಿಕೊಂಡು ತುಕ್ಕನ್ನು ಅರೆಯುತ್ತದೆ, ಆರುವಾಗ ಕುಗ್ಗಿ ಸಡಿಲಾಗುತ್ತದೆ. ಹೀಗೆ ಎರಡು ಮೂರು ಸಲ. ಇನ್ನೂ ಬೆಚ್ಚಗಿರುವಾಗ ಸಂದಿಗೆ ಮೇಣದ ತುಂಡು ಮುಟ್ಟಿಸಿದರೆ ಕರಗಿ ಒಳಕ್ಕೆ ಹೀರಿಕೊಳ್ಳುತ್ತದೆ.

ಬೆಂಕಿ ಹಚ್ಚುವ ಮುಂಚೆ ಅಡಿಯಲ್ಲಿ ಏನೇನಿದೆ ನೋಡಿ: ಇಂಧನದ ಟ್ಯಾಂಕ್, ಅದರ ಪೈಪುಗಳು, ಬ್ರೇಕ್ ಹೋಸ್, ರಬ್ಬರ್ ಬುಷ್, ಆಕ್ಸಲ್ ಸೀಲ್. ಅಂಥದ್ದು ಹತ್ತಿರದಲ್ಲಿದ್ದರೆ ಟಾರ್ಚ್ ಮಾತೇ ಬೇಡ. ಹಿಂದೆ ಹಾಕಿದ ಪೆನಿಟ್ರೇಟಿಂಗ್ ಆಯಿಲ್ ಪೂರ್ತಿ ಒರೆಸಿ. ಆಕ್ಸಲ್ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಸಣ್ಣ ದಾರಿ) ಕೆಸರಿನಿಂದ ಮುಚ್ಚಿದ್ದರೆ ಒಳಗೆ ಒತ್ತಡ ಕಟ್ಟುತ್ತದೆ, ಪ್ಲಗ್ ಬಿಟ್ಟ ಕ್ಷಣ ಬಿಸಿ ಆಯಿಲ್ ಮುಖಕ್ಕೆ ಚಿಮ್ಮಬಹುದು. ಅದನ್ನು ಮೊದಲೇ ಬಿಡಿಸಿಡಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ತಲೆ ಸವೆದುಹೋಗಿದ್ದರೆ

ಹೊರ ತಲೆ ಸ್ವಲ್ಪವೇ ಸವೆದಿದ್ದರೆ ಅದಕ್ಕಿಂತ ಕೂದಲಷ್ಟು ಚಿಕ್ಕ ಸಾಕೆಟ್ಟನ್ನು ಬಡಿದು ಕೂರಿಸುವುದು ಹಳೆಯ ಉಪಾಯ. 24 ಮಿ.ಮೀ. ತಲೆಗೆ ಇಂಚಿನ ಅಳತೆಯ 15/16 ಸಾಕೆಟ್ ಹೊಂದುತ್ತದೆ, ಅದು 23.8 ಮಿ.ಮೀ. ಒಳಗೆ ಸುರುಳಿ ಹಲ್ಲಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಸಿಕ್ಕರೆ ಇನ್ನೂ ಒಳ್ಳೆಯದು, ಎಳೆದಷ್ಟೂ ಕಚ್ಚುತ್ತದೆ. ಜಾಗವಿದ್ದರೆ ಪೈಪ್ ರೆಂಚ್. ಯಾವುದೂ ಹಿಡಿಯದಿದ್ದರೆ ಚೂಪು ಉಳಿಯಿಂದ ತಲೆಯ ಅಂಚಿನಲ್ಲಿ ಮೊದಲು ನೇರವಾಗಿ ಒಂದು ಕಚ್ಚು ಮಾಡಿ, ಆಮೇಲೆ ಉಳಿಯನ್ನು ಓರೆ ಮಾಡಿ ಬಿಚ್ಚುವ ದಿಕ್ಕಿಗೆ ಬಡಿಯಿರಿ. ನೋಡಲು ಒರಟು, ಕೆಲಸ ಮಾತ್ರ ಆಗುತ್ತದೆ. ಪೆಟ್ಟು ಮತ್ತು ತಿರುವು ಎರಡೂ ಒಟ್ಟಿಗೆ ಬೀಳುವುದರಿಂದ.

ಅಲೆನ್ ಗುಳಿ ಗುಂಡಾಗಿದ್ದರೆ ಒಂದು ಅಳತೆ ದೊಡ್ಡದಾದ ಟಾರ್ಕ್ಸ್ (ನಕ್ಷತ್ರದ ಆಕಾರದ) ಬಿಟ್ ಬಡಿದು ಕೂರಿಸುತ್ತಾರೆ, 10 ಮಿ.ಮೀ. ಗುಳಿಗೆ ಟಿ55 ಸಾಮಾನ್ಯವಾಗಿ ಹೊಂದುತ್ತದೆ. ಒಮ್ಮೆ ಬಡಿದ ಮೇಲೆ ಅದು ಒಂದೇ ಅವಕಾಶ ಎಂದುಕೊಳ್ಳಿ, ಆದ್ದರಿಂದ ಶಾಖ, ಎಣ್ಣೆ, ಪೆಟ್ಟು ಎಲ್ಲ ಮುಗಿಸಿಯೇ ಇದಕ್ಕೆ ಕೈ ಹಾಕಿ.

ವೆಲ್ಡಿಂಗ್ ಬರುವವರಿಗೆ ಎಲ್ಲಕ್ಕಿಂತ ಖಚಿತ ದಾರಿ, ಪ್ಲಗ್ ಮೇಲೆ ದೊಡ್ಡ ನಟ್ ಇಟ್ಟು ಅದರ ನಡುವಿನ ತೂತಿನಲ್ಲಿ ಬೆಸೆಯುವುದು. ಹೊಸ ತಲೆಯೂ ಸಿಕ್ಕಿತು, ಪ್ಲಗ್ ಒಳಗಿನಿಂದ ಕಾದದ್ದೂ ಆಯಿತು. ಕೆಂಪು ಇಳಿದ ಮೇಲೆ ಪಾನಾ ಹಾಕಿದರೆ ಬಹುತೇಕ ಸಲ ಮೊದಲ ಎಳೆತಕ್ಕೇ ಬರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿಡಿ. ವೆಲ್ಡಿಂಗ್‌ನ ಅರ್ತ್ ಕ್ಲಾಂಪನ್ನು ಪ್ಲಗ್‌ಗೆ ಹತ್ತಿರದಲ್ಲಿ ಹೌಸಿಂಗ್‌ಗೇ ಹಾಕಿ. ಚಕ್ರಕ್ಕೋ ಷಾಫ್ಟಿಗೋ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಗುಂಡುಗಳಲ್ಲಿ ಗುಳಿ ಬೀಳಿಸುತ್ತದೆ. ಒಳಗಿರುವುದು ಆಯಿಲ್ ಎಂಬುದೂ ನೆನಪಿರಲಿ, ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಬೆಸೆಯಿರಿ.

ಡ್ರಿಲ್ ಮಾಡುವುದು ನನ್ನ ಪಟ್ಟಿಯಲ್ಲಿ ತೀರ ಕೊನೆಗೆ. ಫಿಲ್ಲರ್‌ನಲ್ಲಿ ಕೊರೆದರೆ ಲೋಹದ ಚೂರು ಒಳಗೆ ಬೀಳುತ್ತವೆ, ಕೆಲವು ಕಡೆ ಪ್ಲಗ್‌ನ ಹಿಂದೆಯೇ ಕ್ರೌನ್ ವೀಲ್ ಇರುತ್ತದೆ. ಕೊರೆಯಲೇಬೇಕಾದರೆ ಬಿಟ್ಟಿಗೆ ಗ್ರೀಸ್ ಮೆತ್ತಿ, ಆಗಾಗ ಒರೆಸುತ್ತ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಬಳಸಿ. ಕೊರೆಯುವಾಗಲೇ ಪ್ಲಗ್ ಬಿಚ್ಚಿ ಬರುವುದುಂಟು. ಮುಗಿದ ಮೇಲೆ ಡ್ರೈನ್‌ನಿಂದ ಸ್ವಲ್ಪ ಆಯಿಲ್ ಹರಿಸಿ ಒಳಗೆ ತೊಳೆಯಲೇಬೇಕು. ತೂತಿಗೆ ತಿರುಗಿಸಿ ಹಾಕುವ ಸ್ಕ್ರೂ ಎಕ್ಸ್‌ಟ್ರಾಕ್ಟರ್ ಬಲು ಗಟ್ಟಿ ಉಕ್ಕಿನದು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯುವುದಿಲ್ಲ.

ಪ್ಲಗ್ಗನ್ನು ಬಿಟ್ಟು ಬೇರೆ ದಾರಿ

ಫಿಲ್ಲರ್ ಬಂತು, ಡ್ರೈನ್ ಬರಲಿಲ್ಲ ಎಂದಾದರೆ ಹಟ ಬೇಕಿಲ್ಲ. ಫಿಲ್ಲರ್ ತೂತಿನಿಂದ ತಳದವರೆಗೆ ತೆಳ್ಳನೆಯ ಟ್ಯೂಬ್ ಇಳಿಸಿ ಕೈಪಂಪಿನಿಂದ ಬೆಚ್ಚಗಿನ ಆಯಿಲ್ ಹೀರಿ ತೆಗೆಯಬಹುದು. ಪೂರ್ತಿ ಬರುವುದಿಲ್ಲ, ಬಹುಪಾಲು ಬರುತ್ತದೆ. ಹಿಂದಿನ ಕವರ್ ಬೋಲ್ಟ್‌ಗಳಲ್ಲಿ ಕೂತಿರುವ ಆಕ್ಸಲ್ ಆದರೆ ಕವರನ್ನೇ ಬಿಚ್ಚಿದರೆ ತಳದ ಕೆಸರೂ ಒರೆಸಲು ಸಿಗುತ್ತದೆ, ಫಿಲ್ಲರ್ ಪ್ಲಗ್ ಕವರ್‌ನಲ್ಲೇ ಇದ್ದರೆ ಅದನ್ನು ವೈಸ್‌ನಲ್ಲಿ ಹಿಡಿದು ಆರಾಮವಾಗಿ ಬಿಡಿಸಬಹುದು. ಫಿಲ್ಲರ್ ಯಾವುದಕ್ಕೂ ಬಾರದಿದ್ದಾಗ ಕೆಲವು ಗಾಡಿಗಳಲ್ಲಿ ಬ್ರೀದರ್ ತೂತಿನಿಂದಲೋ ಸ್ಪೀಡ್ ಸೆನ್ಸರ್ ತೂತಿನಿಂದಲೋ ತುಂಬಲು ಬರುತ್ತದೆ. ಆಗ ಮಟ್ಟ ಗೊತ್ತಾಗುವುದಿಲ್ಲ, ಕೈಪಿಡಿಯಲ್ಲಿರುವಷ್ಟು ಅಳೆದೇ ಹಾಕಬೇಕು.

ವಾಪಸ್ ಹಾಕುವಾಗ

ಬಂದ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಬೂದು ಬಣ್ಣದ ನುಣ್ಣನೆಯ ಲೇಪ ಮಾಮೂಲು ಸವೆತ. ಬೆರಳಲ್ಲಿ ತಿಕ್ಕಿದಾಗ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಆಯಿಲ್ ಬದಲಿಸುವುದರಿಂದ ಮುಗಿಯುವ ತೊಂದರೆ ಅದಲ್ಲ.

ಥ್ರೆಡ್ ಎರಡು ಬಗೆ. ಉದ್ದಕ್ಕೂ ಒಂದೇ ದಪ್ಪವಿದ್ದು ತಲೆಯ ಕೆಳಗೆ ವಾಷರ್ ಇದ್ದರೆ ಸೋರಿಕೆ ತಡೆಯುವುದು ವಾಷರ್, ಬಲವಲ್ಲ. ಹೊಸ ವಾಷರ್ ಹಾಕಿ ಹೇಳಿದ ಟಾರ್ಕ್‌ಗೆ ನಿಲ್ಲಿಸಿ. ತುದಿಯ ಕಡೆ ಸಪೂರವಾಗುತ್ತ ಹೋಗುವ ಪ್ಲಗ್‌ಗೆ ವಾಷರ್ ಇರುವುದಿಲ್ಲ, ಬೆಣೆಯಂತೆ ಒತ್ತಿಕೊಂಡೇ ಸೀಲ್ ಆಗುತ್ತದೆ. ಮತ್ತೆ ಮತ್ತೆ ಹಟ ಹಿಡಿಯುವುದು ಇವೇ: ತಲೆ ಹೌಸಿಂಗ್‌ಗೆ ಮುಟ್ಟಲಿ ಎಂದು ಯಾರೋ ಬಿಗಿಯುತ್ತಲೇ ಹೋಗಿರುತ್ತಾರೆ, ಅದು ಮುಟ್ಟುವುದೇ ಇಲ್ಲ. ಇದಕ್ಕೆ ಥ್ರೆಡ್ ಸೀಲಂಟ್ ತೆಳುವಾಗಿ ಸವರಿ ಮಿತವಾಗಿ ಬಿಗಿದರೆ ಸಾಕು. ಥ್ರೆಡ್ ಕಚ್ಚದಂತೆ ತಡೆಯುವ ಆಂಟಿ-ಸೀಜ್ ಲೇಪ ಹಚ್ಚುವುದಾದರೆ ತಯಾರಕರ ಟಾರ್ಕ್ ಒಣ ಥ್ರೆಡ್ಡಿಗೆ ಹೇಳಿದ್ದು ಎಂಬುದನ್ನು ಲೆಕ್ಕಕ್ಕಿಟ್ಟು ಕೊಂಚ ಕಡಿಮೆ ಬಿಗಿಯಿರಿ. ತಲೆ ಸ್ವಲ್ಪ ಪೆಟ್ಟು ತಿಂದಿದ್ದರೂ ಹಳೆಯ ಪ್ಲಗ್ ಬೇಡ, ಅದೇ ಥ್ರೆಡ್ಡಿನ ಹೊಸದು ತನ್ನಿ. ಗುಳಿಯದಕ್ಕೆ ಬದಲು ಹೊರ ತಲೆಯದು ಸಿಕ್ಕರೆ ಅದನ್ನೇ. ಹೌಸಿಂಗ್‌ನ ಥ್ರೆಡ್ ಕಿತ್ತಿದ್ದರೆ ಹೆಲಿಕಾಯಿಲ್‌ನಂಥ ಒಳಥ್ರೆಡ್ ಹಾಕಿಸಬೇಕು.

ಮೊದಲ ಎರಡು ಮೂರು ಸುತ್ತು ಬರೀ ಬೆರಳಲ್ಲೇ ಹೋಗಬೇಕು, ಹೋಗದಿದ್ದರೆ ಓರೆ ಕೂತಿದೆ. ಡ್ರೈನ್ ಬಿಗಿದು, ಗಾಡಿ ಸಮತಟ್ಟಾಗಿರುವಾಗ ಕೈಪಿಡಿ ಹೇಳಿದ ದರ್ಜೆಯ ಗೇರ್ ಆಯಿಲ್ ತುಂಬಿ. ಬಹಳ ಗಾಡಿಗಳಿಗೆ ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90. ಒಂದೇ ಚಕ್ರ ಜಾರಿ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಅದಕ್ಕೆ ಬೇಕಾದ ಅಡಿಟಿವ್ ಬೇರೆ. ಫಿಲ್ಲರ್ ತೂತಿನ ಕೆಳ ಅಂಚಿನಿಂದ ತೆಳ್ಳಗೆ ತೊಟ್ಟಿಕ್ಕತೊಡಗಿದಾಗ ನಿಲ್ಲಿಸಿ, ತೊಟ್ಟು ನಿಂತ ಮೇಲೆ ಪ್ಲಗ್ ಹಾಕಿ.

ಆಮೇಲೆ ಎರಡೂ ಪ್ಲಗ್‌ಗಳ ಸುತ್ತ ಕ್ಲೀನರ್‌ನಿಂದ ಒಣಗುವಂತೆ ಒರೆಸಿ. ಒರೆಸದಿದ್ದರೆ ಚೆಲ್ಲಿದ ಆಯಿಲ್ ಯಾವುದು, ಸೋರಿದ್ದು ಯಾವುದು ಗೊತ್ತಾಗುವುದಿಲ್ಲ. ಸ್ವಲ್ಪ ದೂರ ಓಡಿಸಿ ಬಂದು, ಹೌಸಿಂಗ್ ಬಿಸಿಯಿರುವಾಗಲೇ ಪ್ಲಗ್‌ನ ಕೆಳ ಅಂಚಿಗೆ ಬಿಳಿ ಕಾಗದ ಒತ್ತಿ ನೋಡಿ. ಕಲೆ ಬಿದ್ದರೆ ಇನ್ನಷ್ಟು ಬಿಗಿಯಲು ಹೋಗಬೇಡಿ, ಬಿಚ್ಚಿ ವಾಷರ್ ಕೂತ ಜಾಗದಲ್ಲಿ ಹಳೆಯ ವಾಷರ್‌ನ ತುಂಡೋ ಗೀರೋ ಇದೆಯೇ ನೋಡಿ.